ನುಡಿ ಸಾಫ್ಟ್‌ವೇರ್ ಹುಡುಕಲು ಹೋಗಿ ಅಪ್ಪನ ಕಂಪ್ಯೂಟರ್‌ಗೆ ಏನೋ ಹೊಕ್ಕಿದೆ, ಏನು ಮಾಡಲಿ?

ಸಾಗರದ ಮಗಳು | ಶನಿವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲೇ ಬರೆಯುತ್ತಿದ್ದೇನೆ.

ನಮ್ಮಪ್ಪನಿಗೆ 71 ವರ್ಷ. ಊರಿನ ಭಜನಾ ಮಂಡಳಿಯ ಲೆಕ್ಕ, ಆಹ್ವಾನ ಪತ್ರಿಕೆ, ನೆನಪಿನ ಸಂಚಿಕೆ ಎಲ್ಲವನ್ನೂ ಟೈಪ್ ಮಾಡುವವರು ಅವರೇ. ಹೋದ ತಿಂಗಳು ಹಾರ್ಡ್ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದೆವು. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಅದರಲ್ಲಿ ಇರಲಿಲ್ಲ. ಬುಧವಾರ ಅಪ್ಪ ತಾವೇ ಗೂಗಲ್‌ನಲ್ಲಿ ಹುಡುಕಿ, ಯಾವುದೋ ಡೌನ್‌ಲೋಡ್ ತಾಣಕ್ಕೆ ಹೋಗಿದ್ದಾರೆ. ನುಡಿಯ ಸ್ವಂತ ತಾಣ ಅದಲ್ಲ, ಸಾವಿರಾರು ಸಾಫ್ಟ್‌ವೇರ್ ಗುಡ್ಡೆ ಹಾಕಿಟ್ಟಿರುವ ಇನ್ಯಾವುದೋ ತಾಣ. ಅಲ್ಲಿ ದೊಡ್ಡದೊಂದು ಹಸಿರು ಡೌನ್‌ಲೋಡ್ ಬಟನ್ ಇತ್ತಂತೆ. ಒತ್ತಿದ್ದಾರೆ. ಬಂದ ಫೈಲ್ ತೆರೆದು ‘ನೆಕ್ಸ್ಟ್, ನೆಕ್ಸ್ಟ್’ ಅಂತ ಮುಂದೆ ಹೋಗಿದ್ದಾರೆ. ನುಡಿ ಮಾತ್ರ ಬರಲೇ ಇಲ್ಲ.

ಅವತ್ತಿನಿಂದ ಕ್ರೋಮ್ ತೆರೆದರೆ ಗೊತ್ತಿಲ್ಲದ ಯಾವುದೋ ಹುಡುಕಾಟದ ಪುಟ ಬರುತ್ತದೆ. ಪರದೆಯ ಬಲ ಮೂಲೆಯಲ್ಲಿ ಐದೈದು ನಿಮಿಷಕ್ಕೆ ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ’ ಅಂತ ಕೆಂಪು ಚೀಟಿ. ನಿನ್ನೆ ಬೇರೆ ಊರಿನಿಂದ ಯಾರೋ ಅಪ್ಪನ ಜಿಮೇಲ್‌ಗೆ ಲಾಗಿನ್ ಆಗಿದ್ದಾರೆ ಅಂತ ಫೋನ್‌ಗೆ ಸೂಚನೆ ಬಂತು. ಕರೆಂಟ್ ಬಿಲ್ಲನ್ನು ಅದೇ ಕಂಪ್ಯೂಟರ್‌ನಿಂದ ಕಟ್ಟುತ್ತಾರೆ. ಅದಕ್ಕೇ ಭಯ. ನಾನು ನಾಳೆ ಊರಿಗೆ ಹೋಗುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ರಿಪೇರಿ ಅಂಗಡಿ, ಹುಬ್ಬಳ್ಳಿ | ಶನಿವಾರ ರಾತ್ರಿ 9:24

ಅಕ್ಕಾ, ನಾಳೆತನಕ ಕಾಯಬೇಡಿ. ಈಗಲೇ ಅಪ್ಪಾಜಿಗೆ ಫೋನ್ ಮಾಡಿ ಇಂಟರ್ನೆಟ್ ತಂತಿ ಕೀಳಿಸಿ. ವೈಫೈ ಇದ್ದರೆ ರೂಟರ್ ಆಫ್ ಮಾಡಲಿ. ಒಳಗೆ ಏನೇ ಕೂತಿದ್ದರೂ ನೆಟ್ ಇಲ್ಲದೆ ಅದು ಹೊರಗೆ ಏನನ್ನೂ ಕಳಿಸಲಾರದು. ಕಂಪ್ಯೂಟರ್ ಸರಿ ಮಾಡುವುದು ನಾಳೆ ಆದರೂ ನಡೆಯುತ್ತದೆ.

ಆ ಕೆಂಪು ಚೀಟಿಯ ಮೇಲೆ ಮಾತ್ರ ಯಾರೂ ಕ್ಲಿಕ್ ಮಾಡಬಾರದು. ಅದರಲ್ಲಿ ಫೋನ್ ನಂಬರ್ ಇದ್ದರೆ ಆ ನಂಬರಿಗೆ ಫೋನ್ ಮಾಡಲೂಬಾರದು.

ನೆಟ್‌ವರ್ಕ್ ಕೆಲಸದವ | ಶನಿವಾರ ರಾತ್ರಿ 9:51

ಮೇಲಿನ ಅಣ್ಣ ಹೇಳಿದ್ದು ಸರಿ. ಬೇರೆ ಊರಿನಿಂದ ಲಾಗಿನ್ ಆಗಿದೆ ಅಂದ ಮೇಲೆ, ಇದು ಬರೀ ಜಾಹೀರಾತು ತೋರಿಸುವ ಕಾಟ ಅಲ್ಲ ಎಂದೇ ತಿಳಿದು ಮುಂದುವರಿಯಿರಿ.

ಈಗಿನ ಸ್ಪೈವೇರ್, ಅಂದರೆ ಗುಟ್ಟಾಗಿ ನಮ್ಮ ಮಾಹಿತಿ ಕದಿಯುವ ಸಾಫ್ಟ್‌ವೇರ್, ಹೇಗೆ ಕೆಲಸ ಮಾಡುತ್ತದೆ ಅಂತ ಎರಡು ಮಾತು ಹೇಳುತ್ತೇನೆ, ಯಾಕೆಂದರೆ ಅದರ ಮೇಲೆ ಮುಂದಿನ ಕೆಲಸ ನಿಂತಿದೆ. ಹಿಂದೆ ಇವು ತಿಂಗಳುಗಟ್ಟಲೆ ಒಳಗೆ ಕೂತು ನಾವು ಒತ್ತುವ ಕೀಲಿಗಳನ್ನು ಬರೆದುಕೊಳ್ಳುತ್ತಿದ್ದವು. ಈಗ ಹೆಚ್ಚಿನವು ಬಂದ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುತ್ತವೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕೀ, ಡೆಸ್ಕ್‌ಟಾಪ್ ಮೇಲಿನ ಫೈಲ್ ಎಲ್ಲವನ್ನೂ ಬಾಚಿ ಕಳಿಸುತ್ತವೆ. ಕೆಲವು ಆಮೇಲೆ ತಮ್ಮನ್ನು ತಾವೇ ಅಳಿಸಿಕೊಂಡು ಹೋಗುತ್ತವೆ. ಇಂಥವನ್ನು ಇನ್ಫೋಸ್ಟೀಲರ್ ಅನ್ನುತ್ತಾರೆ. 2025ರಲ್ಲಿ ಲುಮ್ಮಾ ಎಂಬ ಒಂದೇ ಇನ್ಫೋಸ್ಟೀಲರ್ 3.94 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದ್ದದ್ದನ್ನು ಮೈಕ್ರೋಸಾಫ್ಟ್ ಪತ್ತೆ ಮಾಡಿತು. ಅದೂ ಮಾರ್ಚ್ 16ರಿಂದ ಮೇ 16ರವರೆಗಿನ ಎರಡೇ ತಿಂಗಳಲ್ಲಿ.

ಕುಕೀ ಕಳವು ಯಾಕೆ ದೊಡ್ಡ ಸಂಗತಿ ಅಂದರೆ, ಅದು ‘ಇವರು ಆಗಲೇ ಲಾಗಿನ್ ಆಗಿದ್ದಾರೆ’ ಎಂಬ ಗುರುತಿನ ಚೀಟಿ ಇದ್ದ ಹಾಗೆ. ಕಳ್ಳನ ಕೈಗೆ ಅದು ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಹಾಗಾಗಿ ಈ ರಾತ್ರಿಯೇ, ಅಪ್ಪನ ಫೋನ್‌ನಿಂದ ಅಥವಾ ನಿಮ್ಮ ಫೋನ್‌ನಿಂದ, ಆ ಕಂಪ್ಯೂಟರ್‌ನಿಂದಂತೂ ಅಲ್ಲ, ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ಗೂಗಲ್ ಅಕೌಂಟ್‌ನ ‘ಸೆಕ್ಯುರಿಟಿ’ ಭಾಗದಲ್ಲಿ ‘ಯುವರ್ ಡಿವೈಸಸ್’ ಇರುತ್ತದೆ. ಅಲ್ಲಿ ಗೊತ್ತಿಲ್ಲದ ಎಲ್ಲ ಸಾಧನಗಳನ್ನು, ಅಪ್ಪನ ಈ ಕಂಪ್ಯೂಟರನ್ನೂ ಸೇರಿಸಿ, ಸೈನ್ ಔಟ್ ಮಾಡಿ. ರಿಕವರಿ ಫೋನ್ ನಂಬರ್ ಅಪ್ಪನದೇ ಇದೆಯಾ ನೋಡಿ. ಎರಡು ಹಂತದ ಪರಿಶೀಲನೆ ಇಲ್ಲದಿದ್ದರೆ ಹಾಕಿ. ಜನ ಮರೆಯುವುದು ಇನ್ನೊಂದು: ನಾಳೆ ಒಳ್ಳೆಯ ಲ್ಯಾಪ್‌ಟಾಪ್‌ನಿಂದ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ‘ಫಾರ್ವರ್ಡಿಂಗ್’ ಮತ್ತು ‘ಫಿಲ್ಟರ್ಸ್’ ಎರಡನ್ನೂ ನೋಡಿ. ಒಳಗೆ ಬಂದವರು ಅಲ್ಲಿ ತಮ್ಮ ವಿಳಾಸ ಸೇರಿಸಿಟ್ಟರೆ, ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಅಪ್ಪನ ಮೇಲ್ ಅವರಿಗೆ ಹೋಗುತ್ತಲೇ ಇರುತ್ತದೆ.

ಮೇಲ್ ಆದ ಮೇಲೆ ಬ್ಯಾಂಕ್. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಾಗರದ ಮಗಳು | ಶನಿವಾರ ರಾತ್ರಿ 11:32

ರೂಟರ್ ಆಫ್ ಮಾಡಿಸಿದೆ. ಫೋನ್‌ನಲ್ಲೇ ಅಪ್ಪನಿಗೆ ಒಂದೊಂದಾಗಿ ಹೇಳುತ್ತಾ ಜಿಮೇಲ್, ನೆಟ್ ಬ್ಯಾಂಕಿಂಗ್ ಎರಡರ ಪಾಸ್‌ವರ್ಡೂ ಬದಲಾಯಿಸಿದೆವು. ಸಾಧನಗಳ ಪಟ್ಟಿಯಲ್ಲಿ ನಾವು ಕೇಳಿಯೇ ಇರದ ಒಂದು ಊರು ಇತ್ತು, ತೆಗೆದೆವು. ಖಾತೆಯಲ್ಲಿ ದುಡ್ಡು ಹಾಗೇ ಇದೆ. ಅಪ್ಪ ತುಂಬ ನೊಂದುಕೊಂಡಿದ್ದಾರೆ. ‘ನನ್ನಿಂದ ಎಲ್ಲ ಹಾಳಾಯ್ತು, ಇನ್ನು ನಾನು ಅದನ್ನು ಮುಟ್ಟೋದಿಲ್ಲ’ ಅಂದರು. ಅದನ್ನು ಕೇಳಿ ನನಗೆ ಇನ್ನೂ ಸಂಕಟ ಆಯಿತು.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು | ಭಾನುವಾರ ಬೆಳಗ್ಗೆ 6:15

ತಂಗೀ, ನಿಮ್ಮ ತಂದೆಯವರಿಗೆ ನನ್ನ ಪರವಾಗಿ ಒಂದು ಮಾತು ಹೇಳಿ. ನನಗೂ 68. ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು. ಇದು ವಯಸ್ಸಿನ ತಪ್ಪಲ್ಲ. ಆ ಪುಟವನ್ನು ಮೋಸಕ್ಕೆಂದೇ ಹಾಗೆ ಕಟ್ಟಿರುತ್ತಾರೆ.

ನಾನು ಆಮೇಲೆ ಅಂಥದೊಂದು ಪುಟವನ್ನು ಮೊಮ್ಮಗನ ಜೊತೆ ಕೂತು ನಿಧಾನವಾಗಿ ನೋಡಿದೆ. ಹಸಿರು ಬಟನ್‌ಗಳು ಮೂರು ಇದ್ದವು, ಮೂರೂ ಜಾಹೀರಾತು. ನಿಜವಾದ ಕೊಂಡಿ ಪುಟದ ಕೆಳಗೆ, ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು. ಮೊಮ್ಮಗ ಬಟನ್ ಮೇಲೆ ಮೌಸ್ ಇಟ್ಟ, ಒತ್ತಲಿಲ್ಲ. ಬ್ರೌಸರ್‌ನ ಎಡ ಮೂಲೆಯಲ್ಲಿ ಕೆಳಗೆ ಒಂದು ವಿಳಾಸ ಕಾಣಿಸಿತು. ನಾವಿದ್ದ ತಾಣದ ಹೆಸರಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ‘ಅಜ್ಜ, ಒತ್ತೋ ಮೊದಲು ಈ ಮೂಲೆ ನೋಡು’ ಅಂದ. ಅಂದಿನಿಂದ ಅದೇ ರೂಢಿ ಆಗಿದೆ.

ಸಾಗರದ ಮಗಳು | ಭಾನುವಾರ ಮಧ್ಯಾಹ್ನ 1:05

ಮೇಷ್ಟ್ರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಎದ್ದು ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು!

ಡೌನ್‌ಲೋಡ್ಸ್ ಫೋಲ್ಡರ್ ನೋಡಿದೆ. ಬಂದ ಫೈಲ್ 2 ಎಂಬಿ ಕೂಡ ಇಲ್ಲ. ಹೆಸರಿನ ಕೊನೆಯಲ್ಲಿ ‘ಸೆಟಪ್’ ಅಂತ ಇದೆ. ಪ್ರೋಗ್ರಾಂ ಪಟ್ಟಿಯಲ್ಲಿ ಬುಧವಾರದ ತಾರೀಖಿನಲ್ಲಿ ನಾಲ್ಕು ಹೊಸ ಹೆಸರು ಇವೆ: ಒಂದು ಪಿಡಿಎಫ್ ಪರಿವರ್ತಕ, ಒಂದು ‘ವೇಗ ಹೆಚ್ಚಿಸುವ’ ಸಾಫ್ಟ್‌ವೇರ್, ಇನ್ನೆರಡು ಏನೂಂತ ತಿಳಿಯುತ್ತಿಲ್ಲ.

ರಿಪೇರಿ ಅಂಗಡಿ, ಹುಬ್ಬಳ್ಳಿ | ಭಾನುವಾರ ಮಧ್ಯಾಹ್ನ 1:30

2 ಎಂಬಿ ಅಂದರೆ ಅದು ಬಹುಶಃ ಸಾಫ್ಟ್‌ವೇರ್ ಅಲ್ಲ ಅಕ್ಕಾ, ಸಾಫ್ಟ್‌ವೇರ್ ತರುವ ದಲ್ಲಾಳಿ. ತೆರೆದ ಕೂಡಲೇ ಅದು ನೆಟ್‌ಗೆ ಹೋಗಿ, ಯಾರು ದುಡ್ಡು ಕೊಟ್ಟಿದ್ದಾರೋ ಅವರದ್ದನ್ನೆಲ್ಲ ತಂದು ತುಂಬುತ್ತದೆ. ‘ಎಕ್ಸ್‌ಪ್ರೆಸ್’, ‘ಕಸ್ಟಮ್’ ಅಂತ ಎರಡು ಆಯ್ಕೆ ತೋರಿಸಿರುತ್ತದೆ ನೋಡಿ. ಎಕ್ಸ್‌ಪ್ರೆಸ್ ಪಕ್ಕದಲ್ಲಿ ‘ಇದೇ ಒಳ್ಳೆಯದು’ ಅಂತ ಬರೆದಿರುತ್ತದೆ. ಕಸ್ಟಮ್ ಒತ್ತಿದರೆ ಮಾತ್ರ ಒಳಗೆ ಟಿಕ್ ಹಾಕಿಟ್ಟ ಬೇರೆ ನಾಲ್ಕು ಪ್ರೋಗ್ರಾಂ ಕಾಣುತ್ತವೆ.

ಈಗ ಹೀಗೆ ಮಾಡಿ. ಆ ನಾಲ್ಕನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಪಟ್ಟಿ ತೆರೆದು ನಿಮಗೆ ಗೊತ್ತಿಲ್ಲದ್ದನ್ನು ತೆಗೆಯಿರಿ. ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ ಭಾಗದಲ್ಲಿ ‘ಅಲೋ’ ಆಗಿರುವ ತಾಣಗಳನ್ನೆಲ್ಲ ತೆಗೆದುಹಾಕಿ. ಬಲ ಮೂಲೆಯ ಕೆಂಪು ಚೀಟಿ ಬರುವುದು ಬಹುತೇಕ ಅಲ್ಲಿಂದಲೇ, ಅದು ವೈರಸ್ಸೂ ಅಲ್ಲ. ಯಾವುದೋ ಪುಟ ‘ನೀವು ರೋಬೋ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂದಿರುತ್ತದೆ, ನಾವು ಒತ್ತಿರುತ್ತೇವೆ.

ಆಮೇಲೆ ರೂಟರ್ ಆನ್ ಮಾಡಿ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಅಪ್‌ಡೇಟ್ ಮಾಡಿಕೊಳ್ಳಿ. ‘ವಿಂಡೋಸ್ ಸೆಕ್ಯುರಿಟಿ’ಯೊಳಗೆ ‘ಸ್ಕ್ಯಾನ್ ಆಪ್ಷನ್ಸ್’, ಅದರಲ್ಲಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಓಡುತ್ತಿರುವಾಗ ಅವಿತುಕೊಳ್ಳುವ ಪ್ರೋಗ್ರಾಂ ಆಗ ಅವಿತುಕೊಳ್ಳಲಾರದು.

ನೆಟ್‌ವರ್ಕ್ ಕೆಲಸದವ | ಭಾನುವಾರ ಮಧ್ಯಾಹ್ನ 2:12

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಸಲಹೆ ವಿಂಡೋಸನ್ನು ಮೊದಲಿಂದ ಹಾಕುವುದು. ಲಾಗಿನ್ ಕಳವಾಗಿದೆ ಅಂದಮೇಲೆ ‘ಸ್ವಚ್ಛ ಆಗಿದೆ’ ಅಂತ ಯಾವ ಸ್ಕ್ಯಾನರ್ ಹೇಳಿದರೂ ನಾನಾಗಿದ್ದರೆ ಆ ಯಂತ್ರದಲ್ಲಿ ಬ್ಯಾಂಕಿಂಗ್ ಮಾಡುತ್ತಿರಲಿಲ್ಲ. ಫೋಟೋ, ಪತ್ರ, ಲೆಕ್ಕದ ಫೈಲ್‌ಗಳನ್ನಷ್ಟೇ ಹೊರಗಿನ ಡಿಸ್ಕ್‌ಗೆ ತೆಗೆದುಕೊಳ್ಳಿ, ಸೆಟಪ್ ಫೈಲ್ ಒಂದನ್ನೂ ತೆಗೆದುಕೊಳ್ಳಬೇಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’, ‘ರಿಮೂವ್ ಎವೆರಿಥಿಂಗ್’.

ಅಂದಹಾಗೆ, ಯಾವ ವಿಂಡೋಸ್ ಇದೆ? ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಪಿಯುಸಿ ಹುಡುಗನ ಅಮ್ಮ | ಭಾನುವಾರ ಸಂಜೆ 5:40

ಇದನ್ನೆಲ್ಲ ಓದುತ್ತಾ ನಮ್ಮ ಮನೆಯದೂ ಹೇಳಬೇಕು ಅನ್ನಿಸಿತು. ಮಗ ಎಡಿಟಿಂಗ್ ಸಾಫ್ಟ್‌ವೇರ್‌ನ ‘ಕ್ರ್ಯಾಕ್’, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಪ್ರತಿ, ಹಾಕಿಕೊಂಡಿದ್ದ. ಅದರ ಜೊತೆ ಬಂದ ಟಿಪ್ಪಣಿಯಲ್ಲಿ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ, ಈ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಸೇರಿಸಿ’ ಎಂದಿತ್ತು. ಎಕ್ಸ್‌ಕ್ಲೂಷನ್ ಅಂದರೆ ಆಂಟಿವೈರಸ್ ನೋಡದೆ ಬಿಡುವ ಜಾಗ. ಅವನು ಹಾಗೇ ಮಾಡಿದ್ದ. ಮೂರೇ ದಿನದಲ್ಲಿ ಅವನ ಇನ್‌ಸ್ಟಾಗ್ರಾಂ ಹೋಯಿತು, ಅವನ ಹೆಸರಲ್ಲಿ ಗೆಳೆಯರಿಗೆಲ್ಲ ದುಡ್ಡು ಕೇಳುವ ಮೆಸೇಜ್ ಹೋಯಿತು. ಹುಡುಗ ಎರಡು ದಿನ ಊಟ ಬಿಟ್ಟಿದ್ದ.

ಕಾವಲುಗಾರನನ್ನು ಆಚೆ ಕಳಿಸಿ ಆಮೇಲೆ ಬಾಗಿಲು ತೆಗೆ ಅಂತ ಹೇಳುವವನು ಎಂಥವನು ಅಂತ ನಾವು ಮನೆಯಲ್ಲಿ ಮಾತಾಡಿಕೊಂಡಿರಲಿಲ್ಲ. ಈಗ ಮಾತಾಡಿದ್ದೇವೆ.

ರಿಪೇರಿ ಅಂಗಡಿ, ಹುಬ್ಬಳ್ಳಿ | ಭಾನುವಾರ ಸಂಜೆ 6:20

ಅಮ್ಮಾ, ನೀವು ಹೇಳಿದ ಆ ಎಕ್ಸ್‌ಕ್ಲೂಷನ್ ಪಟ್ಟಿಯನ್ನು ಎಲ್ಲರೂ ಒಮ್ಮೆ ತೆರೆದು ನೋಡಬೇಕು. ವಿಂಡೋಸ್ ಸೆಕ್ಯುರಿಟಿಯ ವೈರಸ್ ಸೆಟ್ಟಿಂಗ್ಸ್‌ನಲ್ಲಿ ಕೊನೆಗೆ ಇರುತ್ತದೆ. ಮಾಮೂಲಿ ಮನೆ ಕಂಪ್ಯೂಟರ್‌ನಲ್ಲಿ ಅದು ಖಾಲಿ ಇರಬೇಕು. ನನ್ನ ಅಂಗಡಿಗೆ ಬರುವವುಗಳಲ್ಲಿ ಎಷ್ಟೋ ಸಲ ಇಡೀ ಸಿ ಡ್ರೈವ್ ಸೇರಿಸಿರುವುದನ್ನು ನೋಡಿದ್ದೇನೆ. ಆಮೇಲೆ ಡಿಫೆಂಡರ್ ಏನು ಹುಡುಕೀತು?

ಇನ್ನೊಂದು ಮಾತು, ನಮ್ಮ ಕಸುಬಿನವರದೇ. ಗಿರಾಕಿ ಕೇಳುತ್ತಾರೆ ಅಂತ ಕ್ರ್ಯಾಕ್ ಮಾಡಿದ ವಿಂಡೋಸ್, ಆಫೀಸ್ ಹಾಕಿಕೊಡುವ ಅಭ್ಯಾಸ ಅಂಗಡಿಗಳಲ್ಲಿ ಇದೆ. ನಾನೂ ಮೊದಲು ಹಾಕಿದ್ದೇನೆ. ಲೈಸೆನ್ಸ್ ಇಲ್ಲದೆ ವಿಂಡೋಸ್ ನಡೆಸಲು ಕೆಎಂಎಸ್ ಆ್ಯಕ್ಟಿವೇಟರ್ ಅಂತ ನೆಟ್‌ನಲ್ಲಿ ಸಿಗುವ ಫೈಲ್‌ಗಳ ಜೊತೆ ಪಾಸ್‌ವರ್ಡ್ ಕಳ್ಳರು ಬರುವುದು ಗೊತ್ತಾದ ಮೇಲೆ ನಿಲ್ಲಿಸಿದೆ. ಈಗ ಗಿರಾಕಿಗೆ ಲಿಬ್ರೆಆಫೀಸ್ ಹಾಕಿ ಕೊಡುತ್ತೇನೆ. ಬಿಟ್ಟಿ, ಕಾನೂನುಬದ್ಧ, ಕನ್ನಡ ಚೆನ್ನಾಗಿ ಬರುತ್ತದೆ. ಪತ್ರ ಬರೆಯಲು, ಲೆಕ್ಕ ಇಡಲು ಮನೆಗೆ ಇನ್ನೇನು ಬೇಕು? ಅಕ್ಕಾ, ಅಪ್ಪಾಜಿಯ ಹೊಸ ಡಿಸ್ಕ್‌ಗೆ ವಿಂಡೋಸ್ ಹೇಗೆ ಹಾಕಿದ್ದಾರೆ ಅಂತ ಕೇಳಿ ನೋಡಿ.

ಸಾಗರದ ಮಗಳು | ಭಾನುವಾರ ರಾತ್ರಿ 8:02

ಕೇಳಿದೆ ಅಣ್ಣ. ಡಿಸ್ಕ್ ಹಾಕಿಕೊಟ್ಟವರು ‘ಫುಲ್ ಸಾಫ್ಟ್‌ವೇರ್ ಹಾಕಿದೀನಿ’ ಅಂದರಂತೆ. ಎಕ್ಸ್‌ಕ್ಲೂಷನ್ ಪಟ್ಟಿ ತೆರೆದೆ, ಎರಡು ಫೋಲ್ಡರ್ ಇವೆ. ಅಪ್ಪನಿಗೆ ಅದೇನೂಂತಲೇ ಗೊತ್ತಿಲ್ಲ. ಅಂದರೆ ಬುಧವಾರಕ್ಕಿಂತ ಮೊದಲೇ ಬಾಗಿಲು ಅರ್ಧ ತೆರೆದಿತ್ತು ಅನ್ನಿಸುತ್ತದೆ. ಇನ್ನು ಯೋಚನೆ ಮಾಡುವುದಿಲ್ಲ, ಪೂರ್ತಿ ಅಳಿಸಿ ಹೊಸದಾಗಿಯೇ ಹಾಕುತ್ತೇವೆ. ಈ ಕಂಪ್ಯೂಟರ್ ವಿಂಡೋಸ್ 11 ನಡೆಸುತ್ತದಂತೆ, ಲೈಸೆನ್ಸ್ ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಪೇಯ್ಡ್ ಆಂಟಿವೈರಸ್ ಕೂಡ ಬೇಕಾ?

ಬ್ಯಾಂಕ್ ಉದ್ಯೋಗಿ | ಭಾನುವಾರ ರಾತ್ರಿ 8:45

ಬೇಕು ಅಂತ ನನ್ನ ಅಭಿಪ್ರಾಯ. ನಾನು ಹತ್ತು ವರ್ಷದಿಂದ ದುಡ್ಡು ಕೊಟ್ಟು ಹಾಕಿಕೊಂಡಿದ್ದೇನೆ, ಒಂದೇ ಒಂದು ತೊಂದರೆ ಆಗಿಲ್ಲ. ದಿನಾ ಕೌಂಟರ್‌ನಲ್ಲಿ ದುಡ್ಡು ಕಳೆದುಕೊಂಡವರ ಮುಖ ನೋಡುತ್ತೇನೆ. ವರ್ಷಕ್ಕೆ ಕೆಲವು ನೂರು ರೂಪಾಯಿ ಉಳಿಸಲು ಹೋಗಬೇಡಿ.

ನೆಟ್‌ವರ್ಕ್ ಕೆಲಸದವ | ಭಾನುವಾರ ರಾತ್ರಿ 9:10

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಮನೆ ಬಳಕೆಗೆ ಡಿಫೆಂಡರ್ ಸಾಕು ಎಂದೇ ನಾನು ಹೇಳುತ್ತೇನೆ. 2006ರಲ್ಲಿ ಅದು ಬರೀ ಸ್ಪೈವೇರ್ ಹುಡುಕುವ ಸಾಧನವಾಗಿತ್ತು. 2012ರ ವಿಂಡೋಸ್ 8ರಿಂದ ಪೂರ್ತಿ ಆಂಟಿವೈರಸ್ ಆಗಿ ಜೊತೆಯಲ್ಲೇ ಬರುತ್ತಿದೆ. ದುಡ್ಡು ಕೊಟ್ಟು ಇನ್ನೊಂದು ಹಾಕಿದರೂ ಅಡ್ಡಿಯಿಲ್ಲ, ಆದರೆ ಏಕಕಾಲಕ್ಕೆ ಕಾವಲು ಕಾಯುವ ಎರಡು ಆಂಟಿವೈರಸ್ ಬೇಡ. ಒಂದು ಇನ್ನೊಂದರ ಕಾಲಿಗೆ ತೊಡರುತ್ತದೆ.

ಆ ದುಡ್ಡಿಗಿಂತ ಜಾಸ್ತಿ ಕೆಲಸ ಮಾಡುವ ಒಂದು ಸ್ವಿಚ್ ಇದೆ. ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ನಲ್ಲಿ ‘ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್’. ಅದರೊಳಗೆ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಮಾಡಿ. ಅಪ್ಪ ತಂದುಕೊಂಡಂಥ ದಲ್ಲಾಳಿ ಫೈಲ್‌ಗಳನ್ನು ತಡೆಯಲೆಂದೇ ಇರುವುದು ಅದು.

ಇನ್ನು ಜಾಹೀರಾತು ತಡೆ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಜಾಹೀರಾತನ್ನು ಮೋಸಗಾರರೂ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಹೆಸರಾಂತ ಸಾಫ್ಟ್‌ವೇರ್‌ನದೇ ವೇಷ ಹಾಕಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಇದರ ಬಗ್ಗೆ ಎಚ್ಚರಿಕೆ ಕೊಟ್ಟು, ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ ಎಂದೇ ಜನರಿಗೆ ಹೇಳಿತು. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್, ಕ್ರೋಮ್‌ನಲ್ಲಿ ಅದರ ಲೈಟ್ ಆವೃತ್ತಿ. ಅಪ್ಪನ ಕಂಪ್ಯೂಟರ್‌ಗೆ ಆ ಒಂದು ಎಕ್ಸ್‌ಟೆನ್ಷನ್ ಸಾಕು, ಬೇರೆ ಯಾವುದೂ ಬೇಡ. ಒಳ್ಳೆಯ ಎಕ್ಸ್‌ಟೆನ್ಷನ್ ಕೂಡ ಕೈ ಬದಲಾದರೆ ಕೆಡುತ್ತದೆ. ‘ದಿ ಗ್ರೇಟ್ ಸಸ್ಪೆಂಡರ್’ ಅಂತ ತುಂಬ ಜನ ನೆಚ್ಚಿಕೊಂಡದ್ದು ಒಂದಿತ್ತು. 2020ರಲ್ಲಿ ಹೊಸ ಮಾಲೀಕರ ಕೈ ಸೇರಿತು, 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ (ಹಾನಿ ಮಾಡುವ ಕೋಡ್) ಇದೆ ಅಂತ ಗೂಗಲ್ಲೇ ತೆಗೆದುಹಾಕಿತು.

ದೂರದೂರಿನ ಮಗ | ಸೋಮವಾರ ನಸುಕು 4:50

ನಾನು ಹೊರದೇಶದಲ್ಲಿರುವವನು, ಅಪ್ಪ-ಅಮ್ಮ ಮೈಸೂರಿನಲ್ಲಿ. ಒಂದು ಅನುಭವ ಹೇಳುತ್ತೇನೆ. ಅವರ ಕಂಪ್ಯೂಟರ್‌ನಲ್ಲಿ ದಿನಬಳಕೆಯ ಖಾತೆಯನ್ನು ‘ಸ್ಟ್ಯಾಂಡರ್ಡ್ ಯೂಸರ್’ ಮಾಡಿದ್ದೇನೆ. ಅಡ್ಮಿನ್ ಖಾತೆ ಬೇರೆ, ಅದರ ಪಾಸ್‌ವರ್ಡ್ ನನ್ನ ಹತ್ತಿರ ಮತ್ತು ಪಕ್ಕದ ಬೀದಿಯ ತಂಗಿಯ ಹತ್ತಿರ. ಏನಾದರೂ ಪಾಸ್‌ವರ್ಡ್ ಕೇಳಿದರೆ ಅಪ್ಪ ಫೋನ್ ಮಾಡುತ್ತಾರೆ. ಎಲ್ಲವನ್ನೂ ಇದು ತಡೆಯುವುದಿಲ್ಲ, ಕೆಲವು ಪ್ರೋಗ್ರಾಂ ಅಡ್ಮಿನ್ ಅನುಮತಿ ಇಲ್ಲದೆಯೂ ಓಡುತ್ತವೆ. ಆದರೂ ಆ ಫೋನ್ ಮಾಡುವ ಎರಡು ನಿಮಿಷದಲ್ಲಿ ಎಷ್ಟೋ ಅನಾಹುತ ನಿಂತಿದೆ.

ಅಪ್ಪನ ಹತ್ತಿರ ಮೊದಲು ಅನುಮತಿ ಕೇಳಿಯೇ ಇದನ್ನು ಮಾಡಿದೆ. ಅವರಿಗೆ ಅವಮಾನ ಆಗಬಾರದು ಅಲ್ವಾ.

ಮತ್ತೊಂದು ಹೊಸ ಮೋಸ ಬಂದಿದೆ, ದಯವಿಟ್ಟು ಮನೆಯ ಹಿರಿಯರಿಗೆಲ್ಲ ತೋರಿಸಿಕೊಡಿ. ಪುಟ ತೆರೆದ ಕೂಡಲೇ ‘ನೀವು ಮನುಷ್ಯರೇ ಎಂದು ಖಚಿತಪಡಿಸಿ’ ಅಂತ ಬರುತ್ತದೆ. ಟಿಕ್ ಒತ್ತಿದರೆ ಮೂರು ಹಂತ ಹೇಳುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೀವು ಟಿಕ್ ಒತ್ತಿದಾಗಲೇ ಆ ಪುಟ ನಿಮಗೆ ಗೊತ್ತಿಲ್ಲದೆ ಒಂದು ಆದೇಶವನ್ನು ಕಾಪಿ ಮಾಡಿ ಇಟ್ಟಿರುತ್ತದೆ. ಮುಂದಿನ ಮೂರು ಒತ್ತಿನಲ್ಲಿ ಅದನ್ನು ನೀವೇ ನಿಮ್ಮ ಕೈಯಾರೆ ಓಡಿಸುತ್ತೀರಿ. ಇದಕ್ಕೆ ಕ್ಲಿಕ್‌ಫಿಕ್ಸ್ ಅನ್ನುತ್ತಾರೆ. ಲುಮ್ಮಾ ಹರಡಿದ ದಾರಿಗಳಲ್ಲಿ ಇದೂ ಒಂದು. ನಿಜವಾದ ಯಾವ ಪರೀಕ್ಷೆಯೂ ವಿಂಡೋಸ್ ಕೀ ಒತ್ತಲು ಹೇಳುವುದಿಲ್ಲ.

ಪಿಯುಸಿ ಹುಡುಗನ ಅಮ್ಮ | ಸೋಮವಾರ ಬೆಳಗ್ಗೆ 10:30

ಇದನ್ನು ಮಗನಿಗೆ ತೋರಿಸಿದೆ. ‘ಹೌದಮ್ಮ, ನನಗೆ ಒಂದು ಸಲ ಬಂದಿತ್ತು’ ಅಂದ. ಎದೆ ಝಲ್ಲೆಂದಿತು. ಅವತ್ತು ಕರೆಂಟ್ ಹೋಗಿದ್ದರಿಂದ ಒತ್ತಲಿಲ್ಲವಂತೆ.

ಒಂದು ಪ್ರಶ್ನೆ. ಬೇಕಾದ ಫೈಲ್ ಡೌನ್‌ಲೋಡ್ ಆದ ಮೇಲೆ, ತೆರೆಯುವ ಮೊದಲು ಪರೀಕ್ಷೆ ಮಾಡುವ ದಾರಿ ಇದೆಯಾ?

ನೆಟ್‌ವರ್ಕ್ ಕೆಲಸದವ | ಸೋಮವಾರ ಮಧ್ಯಾಹ್ನ 12:05

ಇದೆ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಡಿಜಿಟಲ್ ಸಿಗ್ನೇಚರ್ಸ್’ ಅಂತ ಒಂದು ಭಾಗ ಇರುತ್ತದೆ. ತಯಾರಿಸಿದವರ ಹೆಸರು ಅಲ್ಲಿ ಬರುತ್ತದೆ. ವಿಡಿಯೋ ನೋಡುವ ವಿಎಲ್‌ಸಿ ಅಂತ ಹೇಳಿಕೊಳ್ಳುವ ಫೈಲ್‌ನಲ್ಲಿ ಅದನ್ನು ತಯಾರಿಸುವ ವಿಡಿಯೋಲ್ಯಾನ್ ಹೆಸರು ಇಲ್ಲದೆ ಯಾವುದೋ ಗೊತ್ತಿಲ್ಲದ ಕಂಪನಿ ಇದ್ದರೆ ಅಳಿಸಿಬಿಡಿ. ಸಹಿ ಇಲ್ಲದ ಒಳ್ಳೆಯ ಫೈಲ್‌ಗಳೂ ಇವೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ವೈರಸ್‌ಟೋಟಲ್ ಎಂಬ ತಾಣಕ್ಕೆ ಫೈಲ್ ಹಾಕಿದರೆ ಹತ್ತಾರು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷಿಸಿ ಹೇಳುತ್ತದೆ. 2012ರಿಂದ ಅದು ಗೂಗಲ್‌ನ ಕೈಯಲ್ಲಿದೆ. ಸಾಫ್ಟ್‌ವೇರ್ ಫೈಲ್ ಮಾತ್ರ ಹಾಕಿ. ಆಧಾರ್, ಪಾಸ್‌ಬುಕ್ ಇರುವ ಪಿಡಿಎಫ್ ಹಾಕಲೇಬೇಡಿ, ಅಲ್ಲಿ ಹಾಕಿದ್ದು ಸಂಶೋಧಕರಿಗೂ ಸಿಗುತ್ತದೆ.

ಇನ್ನು, ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿಡಿ. ಇಲ್ಲದಿದ್ದರೆ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಫೈಲ್, ಅಂದರೆ ನಿಜಕ್ಕೂ ಒಂದು ಪ್ರೋಗ್ರಾಂ, ನಿಮ್ಮ ಕಣ್ಣಿಗೆ ಬರೀ ಪಿಡಿಎಫ್ ಆಗಿ ಕಾಣುತ್ತದೆ.

ಸ್ವಂತ ತಾಣದಿಂದ ತಂದದ್ದರಲ್ಲೂ ಅಪರೂಪಕ್ಕೆ ಅಪಾಯ ಇರುತ್ತದೆ ಎಂಬುದನ್ನು ಮುಚ್ಚಿಡಲಾರೆ. 2017ರಲ್ಲಿ ಕಂಪ್ಯೂಟರ್ ಕಸ ತೆಗೆಯುವ ಸಾಫ್ಟ್‌ವೇರ್ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ಕಳ್ಳರು ಕೋಡ್ ಸೇರಿಸಿದ್ದರು, 22 ಲಕ್ಷಕ್ಕೂ ಹೆಚ್ಚು ಜನ ಅದನ್ನು ಹಾಕಿಕೊಂಡಿದ್ದರು. ಅದಕ್ಕೇ ನಾನು ಹೇಳುವುದು, ಬೇಡದ ಸಾಫ್ಟ್‌ವೇರ್ ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ‘ವೇಗ ಹೆಚ್ಚಿಸುವ’ ಸಾಫ್ಟ್‌ವೇರ್ ಯಾವ ಮನೆ ಕಂಪ್ಯೂಟರ್‌ಗೂ ಬೇಕಾಗಿಲ್ಲ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು | ಸೋಮವಾರ ಸಂಜೆ 7:00

ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಒಂದಿದೆ. 2017ರ ಫೆಬ್ರವರಿಯಲ್ಲಿ ಶುರುವಾದದ್ದು, ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸುತ್ತದೆ. ಸ್ವಚ್ಛ ಮಾಡುವ ಸಾಧನಗಳು ಅಲ್ಲಿ ಉಚಿತ. ಗೂಗಲ್‌ನಲ್ಲಿ ಸುಮ್ನೆ ‘ವೈರಸ್ ತೆಗೆಯುವ ಸಾಫ್ಟ್‌ವೇರ್’ ಅಂತ ಹುಡುಕುವುದು ಬೆಂಕಿ ಆರಿಸಲು ಸೀಮೆಎಣ್ಣೆ ತಂದ ಹಾಗೆ.

ಮತ್ತೆ, ಭಜನಾ ಮಂಡಳಿ ಅಂದಿರಿ. ಆಹ್ವಾನ ಪತ್ರಿಕೆ ಮುದ್ರಿಸಲು ಪೆನ್‌ಡ್ರೈವ್ ತೆಗೆದುಕೊಂಡು ಜೆರಾಕ್ಸ್ ಅಂಗಡಿಗೆ ಹೋಗುತ್ತಾರಾ? ನನ್ನ ಪೆನ್‌ಡ್ರೈವ್ ಅಲ್ಲಿಂದ ಬರುವಾಗ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿ ಬಂದಿತ್ತು. ಒಂದನ್ನು ಒತ್ತಿದೆ, ಮನೆಯ ಕಂಪ್ಯೂಟರ್‌ಗೂ ಅಂಟಿತು. ಈಗ ಪಿಡಿಎಫ್ ಮಾಡಿ ಮೇಲ್‌ನಲ್ಲಿ ಕಳಿಸುತ್ತೇನೆ.

ಸಾಗರದ ಮಗಳು | ಬುಧವಾರ ರಾತ್ರಿ 9:15

ಎಲ್ಲ ಮುಗಿಸಿ ಈಗ ಬರೆಯುತ್ತಿದ್ದೇನೆ. ವಿಂಡೋಸ್ 11 ಹೊಸದಾಗಿ ಹಾಕಿದ್ದೇವೆ. ಅಪ್ಪನದು ಸ್ಟ್ಯಾಂಡರ್ಡ್ ಖಾತೆ, ಅವರೇ ಒಪ್ಪಿ ಮಾಡಿಸಿಕೊಂಡರು. ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಉಳಿಸುವುದು ನಿಲ್ಲಿಸಿದ್ದೇವೆ. ಜಿಮೇಲ್ ಫಿಲ್ಟರ್ ನೋಡಿದೆ, ಬ್ಯಾಂಕಿನಿಂದ ಬರುವ ಮೇಲ್ ನೇರ ಕಸದ ಬುಟ್ಟಿಗೆ ಹೋಗುವ ಹಾಗೆ ಒಂದು ಫಿಲ್ಟರ್ ಮಾಡಿಟ್ಟಿದ್ದರು! ನೀವು ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಬ್ಯಾಂಕಿಗೂ ಹೋಗಿ ಹೇಳಿ ಬಂದೆವು.

ಕನ್ನಡ ಟೈಪಿಂಗ್‌ಗೆ ಏನೂ ಡೌನ್‌ಲೋಡ್ ಮಾಡುವುದೇ ಬೇಕಿರಲಿಲ್ಲ ಅಂತ ಈಗ ಗೊತ್ತಾಯಿತು. 2019ರಿಂದ ವಿಂಡೋಸ್‌ನಲ್ಲೇ ‘ಕನ್ನಡ ಫೋನೆಟಿಕ್’ ಕೀಬೋರ್ಡ್ ಇದೆ. ಸೆಟ್ಟಿಂಗ್ಸ್‌ನ ಭಾಷೆ ಭಾಗದಲ್ಲಿ ಕನ್ನಡ ಸೇರಿಸಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಆಯಿತು. ಆದರೆ ಮಂಡಳಿಯ ಹಳೆಯ ಸಂಚಿಕೆಗಳೆಲ್ಲ ನುಡಿಯ ಹಳೇ ಫಾಂಟ್‌ನಲ್ಲಿವೆ. ಹೀಗೇ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಅದಕ್ಕೆ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ನುಡಿ ತಂದೆವು. ವಿಳಾಸ ಬರೆದುಕೊಟ್ಟೆ, ಅಪ್ಪ ಹುಡುಕದೆ ನೇರವಾಗಿ ಬ್ರೌಸರ್‌ನ ಮೇಲಿನ ವಿಳಾಸದ ಜಾಗದಲ್ಲೇ ಟೈಪ್ ಮಾಡಿದರು. ಪಾಸ್‌ವರ್ಡ್ ಕೇಳಿದಾಗ ನನ್ನ ಕಡೆ ತಿರುಗಿ ನೋಡಿದರು.

ಅಪ್ಪ ಎರಡು ಸಾಲು ಬರೆಯಬೇಕಂತೆ.

ಸಾಗರದ ಮಗಳು | ಬುಧವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರಗಳು. ಇದನ್ನು ಹೊಸ ಕೀಬೋರ್ಡಿನಲ್ಲಿ ನಾನೇ ಟೈಪ್ ಮಾಡುತ್ತಿದ್ದೇನೆ, ನಿಧಾನವಾಗುತ್ತಿದೆ. ಮೇಷ್ಟ್ರು ಹೇಳಿದ ಎಡ ಮೂಲೆಯನ್ನು ಈಗ ನೋಡಲು ಕಲಿತಿದ್ದೇನೆ. ಇವತ್ತು ಪಂಚಾಂಗದ ಒಂದು ಪುಟ ‘ಅಲೋ’ ಕೇಳಿತು, ‘ಬ್ಲಾಕ್’ ಒತ್ತಿದೆ. 2009ರ ಸಂಚಿಕೆ ಪೂರ್ತಿ ತೆರೆದುಕೊಂಡಿತು, 2011ರದ್ದರಲ್ಲಿ ಒತ್ತಕ್ಷರಗಳು ಕದಲಿವೆ. ನುಡಿಯಲ್ಲೇ ಇರುವ ಪರಿವರ್ತಕದಲ್ಲಿ ಅದನ್ನು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ನಲ್ಲೂ ಕಾಣುವ ಅಕ್ಷರ, ಮಾಡಬಹುದು ಎಂದಳು ಮಗಳು. ಮೂಲ ಫೈಲ್‌ನ ನಕಲು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡು ನಾಳೆ ಅದಕ್ಕೇ ಕೂರುತ್ತೇನೆ.